ಬ್ಯಾಟರಿ ನೀರಿನಲ್ಲಿ ಕಾಟ್ಲಾ ಮೀನು

"ಆ ಹೆಂಗಸು ಮೀನು ಮುಟ್ಟಿದ ಕೈಯಲ್ಲೇ ಬಾಟ್ಲಿ ಮುಟ್ಟಿರ್ತಾಳೆ ಮೇಡಂ. ಓದು ಬರಹ ಇಲ್ಲದವರನ್ನ ಸೇರಿಸಿಕೊಂಡರೆ ಇನ್ನೇನಾಗುತ್ತೆ?"

ಹೋದ ತಿಂಗಳು ಒಂದು ಸೋಮವಾರ, ಬೆಂಗಳೂರಿನ ಒಂದು ಲ್ಯಾಬಿನ ಬಾಗಿಲಲ್ಲಿ ನಿಂತು ಈ ಮಾತು ಕೇಳಿಸಿಕೊಂಡೆ. ಹೇಳಿದವರು ಸುಹಾಸ್ ಅನ್ನುವ ಸಂಶೋಧಕರು. ಹೇಳಿದ್ದು ಘಟ್ಟದ ಕೆಳಗಿನ ಗಿರಿಜಕ್ಕನ ಬಗ್ಗೆ. ಉರಿದದ್ದು ನನಗೆ.

ಯಾಕೆ ಉರೀಬಾರದು? ಓದು ಬರಹ ಇಲ್ಲದವರು ಅಂದ ಕೂಡಲೇ ತಪ್ಪು ಯಾರದು ಅಂತ ತೀರ್ಮಾನ ಆಗಿಹೋಯಿತಾ? ವಿಚಾರಣೆ ಬೇಡವಾ? ಸಾಕ್ಷಿ ಬೇಡವಾ?

ಈ ಅಂಕಣ ಓದುವವರಿಗೆ ಗೊತ್ತು, ನಾನು ಏಳನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವನು. ಕೋಲಾರ ಜಿಲ್ಲೆ ಹುತ್ತೂರು ಕಡೆ, ಎಳೇ ಹುಳ ಸಾಕುವ ಚಾಕಿ ಮನೆಯೊಂದರಿಂದ ರೇಷ್ಮೆ ಹುಳ ಸಾಗಿಸೋದು ನನ್ನ ಕಸುಬು. ಎರಡು ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಬಿಟ್ಟ, ಮರಿಹುಳಗಳನ್ನು ಬಿಸಿಲು ಏರುವ ಮುಂಚೆ ರೈತರ ಮನೆ ಬಾಗಿಲಿಗೆ ಮುಟ್ಟಿಸಬೇಕು. ಅದಕ್ಕೇ ನನ್ನ ಗಾಡಿಯ ಹಿಂದೆ ಒಳಗೆಲ್ಲಾ ಥರ್ಮಾಕೋಲ್ ಹೊದಿಸಿದ ತಂಪು ಪೆಟ್ಟಿಗೆ ಇದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ತಟ್ಟೆ ಹುಳ ನನ್ನ ಗಾಡಿಯಲ್ಲಿ ಸತ್ತಿಲ್ಲ. (ಇದನ್ನು ಹಿಂದೆಯೂ ಬರೆದಿದ್ದೀನಿ. ಇನ್ನೂ ಬರೀತೀನಿ.)

ಆ ತಂಪು ಪೆಟ್ಟಿಗೆಯ ಸುದ್ದಿ ಹೇಗೋ ಈ ಲ್ಯಾಬಿನ ದೊಡ್ಡ ಮೇಡಂ ಕಿವಿಗೆ ಬಿದ್ದಿತ್ತು. ಫೋನ್ ಮಾಡಿದರು. "ಕರಾವಳಿಯಿಂದ ಸಮುದ್ರದ ನೀರು ತರಬೇಕು. ಐಸಿನಲ್ಲಿ, ಅಲುಗಾಡದ ಹಾಗೆ. ಆಗುತ್ತಾ?"

ನೀರು ತರೋದಕ್ಕೆ ಬಾಡಿಗೆ ಗಾಡಿ? ಅದೂ ಉಪ್ಪು ನೀರು? ಸಾವಿರಾರು ಅಡಿ ಕೊರೆದರೂ ಬೋರ್‌ವೆಲ್ಲು ಬರೀ ಧೂಳು ಉಗುಳುವ ಸೀಮೆಯವನು ನಾನು. ನಗು ಬಂತು. ಆದರೂ ಒಪ್ಪಿಕೊಂಡೆ.

ಆ ನೀರು ಯಾಕೆ ಬೇಕು ಅಂತ ಆಮೇಲೆ ತಿಳೀತು. ಮೀನು ಈಜುವಾಗ ಅದರ ಮೈಯ ಲೋಳೆ, ಹೊಟ್ಟು, ಹೇಲು ಎಲ್ಲಾ ನೀರಿಗೆ ಬಿಡುತ್ತಂತೆ. ಅದರಲ್ಲಿ ಆ ಮೀನಿನ ಡಿಎನ್‌ಎ ಇರುತ್ತೆ. ನೀರನ್ನು ತೆಳ್ಳನೆಯ ಹಾಳೆಯಲ್ಲಿ ಸೋಸಿ, ಹಾಳೆಗೆ ಅಂಟಿದ್ದನ್ನು ಮೆಷಿನ್ನಿಗೆ ಕೊಟ್ಟರೆ, ಬಲೆ ಬೀಸದೆ, ಒಂದು ಮೀನೂ ಹಿಡಿಯದೆ, ಅಲ್ಲಿ ಯಾವ ಯಾವ ಜಾತಿ ಓಡಾಡಿದೆ ಅಂತ ಪಟ್ಟಿ ಬರುತ್ತೆ. ಬೀದಿಯ ಮೋರಿ ನೋಡಿ ಯಾರ ಮನೆಯಲ್ಲಿ ಏನು ಅಡುಗೆ ಅಂತ ಹೇಳೋರಿಲ್ಲವಾ, ಹಾಗೆ. ನಿಜ ಹೇಳ್ತೀನಿ, ಕೇಳಿ ಮೈ ಜುಮ್ಮೆಂದಿತು.

ಸುಹಾಸ್ ಮುಂಚೆಯೇ ರೈಲಿನಲ್ಲಿ ಹೋಗಿದ್ದರು. ಲ್ಯಾಬಿನ ಕೆಲಸದವರು ನನ್ನ ಕೈಗೆ ಒಂದು ಬಿಳಿ ಪೆಟ್ಟಿಗೆ ಕೊಟ್ಟು ಕಳಿಸಿದರು. ಒಳಗೆ ಐದು ಖಾಲಿ ಬಾಟ್ಲಿ, ಒಂದು ತುಂಬಿದ ಬಾಟ್ಲಿ. ಕೊಟ್ಟವರು ಹೇಳಿದ್ದು ಇಷ್ಟೇ. "ಅಣ್ಣ, ಹುಷಾರಾಗಿ ತಗೊಂಡ್ಹೋಗಿ." ಹುಷಾರು ಅಂದರೆ ಏನು? ಒಡೀಬಾರದು ಅಂತಾನಾ? ಬಿಸಿಲಿಗಿಡಬಾರದು ಅಂತಾನಾ? ಮುಟ್ಟಲೇಬಾರದು ಅಂತಾನಾ? ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಗಿರಿಜಕ್ಕನ ಊರು ಒಂದು ಅಳಿವೆಯ ದಂಡೆಯಲ್ಲಿದೆ. ಹೊಳೆ ಬಂದು ಸಮುದ್ರ ಸೇರುವ ಜಾಗ. ಐವತ್ತು ದಾಟಿದ ಹೆಂಗಸು, ಚಿಕ್ಕ ದೋಣಿ, ತಾನೇ ಹುಟ್ಟು ಹಾಕ್ತಾಳೆ. ಅಳಿವೆಯಲ್ಲಿ ಮೀನು, ಚಿಪ್ಪು ಹಿಡಿದು ಮಾರಿ ಮಕ್ಕಳನ್ನು ದಡ ಸೇರಿಸಿದವಳು. ಅಲ್ಲೇ ಈಗ ದೊಡ್ಡ ಹಡಗುಕಟ್ಟೆ ಕಟ್ಟುತ್ತಾರಂತೆ. ಕಟ್ಟುವವರು ಮಾಡಿಸಿದ ವರದಿಯಲ್ಲಿ, ಇಲ್ಲಿ ಹೇಳಿಕೊಳ್ಳುವಂಥ ಮೀನೇ ಇಲ್ಲ ಅಂತ ಬರೆದಿದೆ. ಊರವರು ಇದೆ ಅಂತಾರೆ. ಬಾಯಿಮಾತು ನಡೆಯಲ್ಲ, ಸಾರ್ವಜನಿಕ ವಿಚಾರಣೆಯ ದಿನ ಪುರಾವೆ ಇಡಿ ಅಂದರು. ಆ ಪುರಾವೆಯೇ ನನ್ನ ಗಾಡಿಯಲ್ಲಿ ಬರಬೇಕಿದ್ದ ಐದು ಬಾಟ್ಲಿ ನೀರು.

ನಾನೂ ದೋಣಿ ಹತ್ತಿದೆ. ಪ್ಯಾಂಟು ಮಡಚಿ, ಅಂಚು ಗಟ್ಟಿಯಾಗಿ ಹಿಡಿದು ಕೂತೆ.

"ನಿಮ್ಮ ಕೋಲಾರದಲ್ಲಿ ಸಮುದ್ರ ಉಂಟಾ ಅಣ್ಣ?" ಅಂತ ಗಿರಿಜಕ್ಕ ಕೇಳಿದಳು.

"ಸಮುದ್ರ ಎಲ್ಲಿಂದ ಬರಬೇಕು ಅಕ್ಕಾ? ವರ್ಷಪೂರ್ತಿ ಹರಿಯೋ ಹೊಳೆಯೇ ಇಲ್ಲ."

"ಹಾಗಾದ್ರೆ ಮೀನಿಗೆ ಎಂಥ ಮಾಡ್ತೀರಿ ಮಾರಾಯ್ರೇ?"

"ಕೆರೆ ಮೀನು. ಕಾಟ್ಲಾ."

"ಅದೆಂಥ ಮೀನು? ಹೆಸರೇ ಕೇಳ್ಲಿಲ್ಲ ನಾನು. ಮಣ್ಣು ವಾಸನೆ ಬರೂದಿಲ್ವಾ?"

"ಅದರ ತಲೆ ಸಾರು ಒಂದು ಸಲ ಉಂಡು ನೋಡು. ಆಮೇಲೆ ನಿನ್ನ ಸಮುದ್ರ ಮರೆತುಹೋಗುತ್ತೆ."

"ಹೌದೌದು. ಅದಕ್ಕೇ ಅಲ್ವಾ ನೀವು ಇಷ್ಟು ದೂರ ಬಂದು ನಮ್ಮ ನೀರು ಕದೀತಿರೋದು" ಅಂದಳು. ಸುಹಾಸ್ ಕೂಡ ನಕ್ಕರು.

ಸುಹಾಸ್ ಕೈಗವಸು ಹಾಕಿಕೊಂಡು ಐದು ಕಡೆ ನೀರು ತುಂಬಿದರು. ಆರನೇ ಬಾಟ್ಲಿಯ ಮುಚ್ಚಳ ತೆಗೆದು, ಸ್ವಲ್ಪ ಹೊತ್ತು ಹಾಗೇ ಹಿಡಿದು, ಮತ್ತೆ ಮುಚ್ಚಿಟ್ಟರು. ಬೆಂಗಳೂರಿಂದ ಹೊತ್ತು ತಂದ ನೀರನ್ನು ಮತ್ತೆ ಬೆಂಗಳೂರಿಗೇ ಹೊರುವುದಾ? ದೊಡ್ಡವರ ಕೆಲಸ ದೊಡ್ಡವರಿಗೇ ಗೊತ್ತು ಅಂತ ಸುಮ್ಮನಿದ್ದೆ.

ಗಿರಿಜಕ್ಕ ಹುಟ್ಟು ಹಾಕುತ್ತಾ ಯಾವ ಮೀನು ಎಲ್ಲಿ, ಯಾವ ತಿಂಗಳು ಬರುತ್ತೆ ಅಂತ ಹೇಳ್ತಾನೇ ಇದ್ದಳು. ಕಾಣೆ ಮೀನು ಈ ಮರಳಿನಲ್ಲಿ ಹೂತುಕೊಳ್ತದೆ. ಬಂಗುಡೆ ಹಿಂಡು ಅಳಿವೆ ಬಾಯಿಯವರೆಗೆ ಬರ್ತದೆ. ಮಳೆಗಾಲ ಕಳೆದ ಮೇಲೆ ಚಾವಟಿ ಬಾಲದ ತೊರಕೆ ಒಳಗೆ ಬರ್ತದೆ. ನೀರಿನಲ್ಲೇ ಬೇರು ಬಿಟ್ಟ ಆ ಕಾಂಡ್ಲಾ ಗಿಡದ ಬುಡದಲ್ಲಿ ಮರಿ ತುಂಬಿರ್ತದೆ, ಅಲ್ಲಿ ನಾವು ಬಲೆ ಹಾಕೂದಿಲ್ಲ. ಸುಹಾಸ್ ಅದರಲ್ಲಿ ಒಂದನ್ನೂ ಬರೆದುಕೊಳ್ಳಲಿಲ್ಲ. ಅವರು ಬರೆದದ್ದು ಬಾಟ್ಲಿ ನಂಬರು.

ಈಗ ಮತ್ತೆ ಆ ಸೋಮವಾರಕ್ಕೆ ಬರ್ತೀನಿ. ನೀರು ತಂದುಕೊಟ್ಟು ಮೂರು ವಾರ ಆಗಿತ್ತು, ಎರಡನೇ ಟ್ರಿಪ್ಪು ಯಾವಾಗ ಅಂತ ಕೇಳೋಕೆ ಹೋಗಿದ್ದೆ. ಬಾಗಿಲಲ್ಲಿ ಆ ಮಾತು ಕಿವಿಗೆ ಬಿತ್ತು. ಒಳಗೆ ನುಗ್ಗಿದೆ. ಚಪ್ಪಲಿ ಮಾತ್ರ ಹೊರಗೆ ಬಿಟ್ಟೆ. (ಚಾಕಿ ಮನೆ ಅಭ್ಯಾಸ.)

"ಏನಾಯ್ತು ಮೇಡಂ?"

ಮೇಡಂ ಒಳ್ಳೆಯವರು. ಕೂರಿಸಿ ಹೇಳಿದರು. ಆರನೇ ಬಾಟ್ಲಿಯಲ್ಲಿದ್ದದ್ದು ಶುದ್ಧ ನೀರು. ಅದರಲ್ಲಿ ಯಾವ ಮೀನಿನ ಗುರುತೂ ಇರಬಾರದು. ದಾರಿಯಲ್ಲಿ, ದೋಣಿಯಲ್ಲಿ, ಯಾರದ್ದಾದರೂ ಕೈಯಿಂದ ಬೇರೆ ಏನಾದರೂ ಸೇರಿಕೊಂಡಿದೆಯಾ ಅಂತ ತಿಳಿಯೋಕೆ ಇಟ್ಟದ್ದು. ಅದು ಚೊಕ್ಕವಾಗಿದ್ದರೆ ಉಳಿದ ಐದನ್ನೂ ನಂಬಬಹುದು. ಅದರಲ್ಲೇ ಮೀನು ಸಿಕ್ಕರೆ? ಆ ಕೊಳೆ ಎಲ್ಲಿಂದ ಬಂತು ಅಂತ ಗೊತ್ತಿಲ್ಲದಿದ್ದರೆ ಐದನ್ನೂ ಎಸೆಯಬೇಕು.

"ಸಿಕ್ಕಿದೆಯಾ?"

"ಸಿಕ್ಕಿದೆ. ವಿಚಾರಣೆ ಮುಂದಿನ ಗುರುವಾರ. ಮತ್ತೆ ನೀರು ತಂದು ಪರೀಕ್ಷೆ ಮಾಡೋಕೆ ಟೈಮಿಲ್ಲ. ಊರವರ ಪರವಾಗಿ ಇಡೋಕೆ ಏನೂ ಇರಲ್ಲ."

"ಅದಕ್ಕೇ ಹೇಳಿದ್ದು" ಅಂದರು ಸುಹಾಸ್. "ನಾನು ಕೈಗವಸು ಹಾಕಿದ್ದೆ. ಆಕೆ ಹಾಕಿರಲಿಲ್ಲ. ದೋಣಿಯಲ್ಲಿ ಬಾಟ್ಲಿ ಆಕೆ ಕಾಲ ಹತ್ತಿರಾನೇ ಇತ್ತು."

"ಯಾವ ಮೀನು ಸಾರ್?"

"ಕಾಟ್ಲಾ."

ಆಗ ನೋಡಿ, ನನ್ನ ಬಾಯಿಗೆ ಕಡಿವಾಣ ಇಲ್ಲದ ಹಾಗಾಯಿತು. "ಕಾಟ್ಲಾನಾ? ಸಾರ್, ಅದು ಕೆರೆ ಮೀನು. ಆ ಹೆಂಗಸು ಅದರ ಹೆಸರೇ ಕೇಳಿಲ್ಲ, ದೋಣಿಯಲ್ಲಿ ನಿಮ್ಮೆದುರೇ ಹೇಳಿದಳು. ಉಪ್ಪುನೀರಿನವಳ ಕೈಯಲ್ಲಿ ಸಿಹಿನೀರಿನ ಮೀನು ಎಲ್ಲಿಂದ ಬರುತ್ತೆ? ಓದಿದವರು ನೀವು. ಇಷ್ಟು ಯೋಚನೆ ಬೇಡವಾ? ಮೀನು ಅಂದ ತಕ್ಷಣ ಮೀನುಗಾರ್ತಿ ಅಂದುಬಿಡೋದಾ? ಕಾಟ್ಲಾ ಇರೋದು ನಮ್ಮ ಕೆರೆಯಲ್ಲಿ, ನಮ್ಮ ಹೊಂಡದಲ್ಲಿ, ನಮ್ಮ..."

ಅಲ್ಲಿಗೆ ನನ್ನ ಬಾಯಿ ನಿಂತಿತು.

ನಮ್ಮ ಕ್ಯಾನಿನಲ್ಲಿ.

"ನಮ್ಮ ಏನು?" ಅಂದರು ಮೇಡಂ.

"ಒಂದು ನಿಮಿಷ" ಅಂತ ಹೊರಗೆ ಬಂದೆ.

ಗಾಡಿ ಹತ್ತಿರ ಹೋಗಿ ನಿಂತೆ. ಎಲ್ಲಾ ಕಣ್ಣ ಮುಂದೆ ಬಂತು. ಅಳಿವೆಗೆ ಹೋಗುವಾಗ, ಭಾನುವಾರ ಮಧ್ಯಾಹ್ನ, ಘಟ್ಟ ಇಳಿಯುವ ಮುಂಚೆ ಟೀ ಕುಡಿಯೋಕೆ ನಿಲ್ಲಿಸಿದ್ದೆ. ಮತ್ತೆ ಗಾಡಿ ಸ್ಟಾರ್ಟೇ ಆಗಲಿಲ್ಲ. ಹಳೇ ಬ್ಯಾಟರಿ, ಮುಚ್ಚಳ ಬಿಚ್ಚಿ ನೋಡಿದರೆ ನೀರು ಇಂಗಿಹೋಗಿತ್ತು. ಹತ್ತಿರದಲ್ಲಿ ಇದ್ದ ಒಂದೇ ಗ್ಯಾರೇಜು ಬಾಗಿಲು ಹಾಕಿತ್ತು. ಹಿಂದೆ ಪೆಟ್ಟಿಗೆಯಲ್ಲಿ ಐಸು ಕರಗುತ್ತಿತ್ತು. ಪಕ್ಕದಲ್ಲೇ, ಬಿಳಿ ಬಾಟ್ಲಿಯ ಮೇಲೆ ಅಚ್ಚುಕಟ್ಟಾಗಿ ಬರೆದಿತ್ತು. ಡಿಸ್ಟಿಲ್ಡ್ ವಾಟರ್.

ಯಾವ ಡ್ರೈವರನ್ನಾದರೂ ಕೇಳಿ. ಡಿಸ್ಟಿಲ್ಡ್ ವಾಟರ್ ಇರೋದು ಯಾತಕ್ಕೆ? ಬ್ಯಾಟರಿಗೆ.

ಮುಚ್ಚಳದ ಅಂಟುಪಟ್ಟಿಯನ್ನು ಉಗುರಿನಿಂದ ನಿಧಾನ ಬಿಡಿಸಿದೆ. ಅರ್ಧ ಬಾಟ್ಲಿ ಬ್ಯಾಟರಿಗೆ ಹುಯ್ದೆ. ಟೀ ಅಂಗಡಿಯವರು ಒಂದು ನೂಕು ಕೊಟ್ಟರು, ಗಾಡಿ ಎದ್ದಿತು. ಆಮೇಲೆ ಬಾಟ್ಲಿ ನೋಡಿ ಮನಸ್ಸಿಗೆ ಚುಚ್ಚಿತು. ನಮ್ಮಮ್ಮ ಒಂದು ಮಾತು ಹೇಳಿಕೊಟ್ಟಿದ್ದಾಳೆ. ಪಕ್ಕದ ಮನೆಯವರ ಪಾತ್ರೆ ತಂದರೆ ಬರಿದಾಗಿ ವಾಪಸ್ ಕೊಡಬಾರದು. ಸಕ್ಕರೆಯೋ, ಒಂದು ಹಿಡಿ ಅವರೆಕಾಳೋ, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಅಕ್ಕಿಯೋ ಹಾಕಿ ಕೊಡಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಎಲ್ಲಿ ಬೇಕಾದರೂ ಹೋಗಿ ಕೇಳಿ, ಯಾವ ಮನೆಯಲ್ಲೂ ಬರೀ ಪಾತ್ರೆ ಹಿಂದಕ್ಕೆ ಹೋಗಲ್ಲ. ಕೇಳದೆ ತಗೊಂಡ ಬಾಟ್ಲಿಯನ್ನು ಅರ್ಧ ಮಾಡಿ ಕೊಡಲಾ? ನನ್ನ ಬಿಳಿ ಕ್ಯಾನಿನಿಂದ, ನಾನು ಕುಡಿಯುವ ಫಿಲ್ಟರ್ ನೀರನ್ನೇ ಕಂಠಮಟ್ಟ ತುಂಬಿಸಿದೆ. ಅಂಟುಪಟ್ಟಿ ಹಾಗೇ ಅಂಟಿಸಿದೆ. ಧರ್ಮದ ಕೆಲಸ ಮಾಡಿದ ಹಾಗೆ ಸಮಾಧಾನ ಆಯಿತು. ಐದು ನಿಮಿಷಕ್ಕೆ ಅದನ್ನು ಮರೆತೂಬಿಟ್ಟೆ.

ಆ ಬಿಳಿ ಕ್ಯಾನು ಅದಕ್ಕೂ ಮುಂಚಿನ ವಾರ ಆಂಧ್ರದ ಗಡಿಯ ರಾಯಲ್ಪಾಡಿಗೆ ಹೋಗಿಬಂದಿತ್ತು. ನನ್ನ ಬಾವಮೈದ ಸೀನ ಒಯ್ದಿದ್ದ, ಮೀನುಮರಿಗೆ ಅಂದ ನೆನಪು. ಗಾಡಿ ಪಕ್ಕ ನಿಂತೇ ಅವನಿಗೆ ಫೋನ್ ಹಚ್ಚಿದೆ.

"ಲೇ ಸೀನ, ಬಿಳಿ ಕ್ಯಾನು ತಗೊಂಡ್ಹೋಗಿದ್ಯಲ್ಲ, ಏನಕ್ಕೆ?"

"ಕೃಷಿ ಹೊಂಡಕ್ಕೆ ಮೀನುಮರಿ ಬಿಡೋಕೆ ಬಾವಾ."

"ಯಾವ ಮರಿ?"

"ಕಾಟ್ಲಾ. ಯಾಕೆ, ವಾಸನೆ ಬಂತಾ? ಶುಭ್ರಂಗಾ ಕಡಿಗಿ ಇಚ್ಚಿನಾನೇ."

ಚೆನ್ನಾಗಿ ತೊಳೆದೇ ಕೊಟ್ಟಿದ್ದೀನಿ ಅಂತ ಅವನ ತೆಲುಗು. ಸುಳ್ಳಲ್ಲ. ನಾನೂ ಮೇಲೆ ಎರಡು ಸಲ ತಿಕ್ಕಿ ತೊಳೆದು ನೀರು ತುಂಬಿಸಿದ್ದೆ. ಕಣ್ಣಿಗೆ, ಮೂಗಿಗೆ ಏನೂ ಇರಲಿಲ್ಲ. ಆದರೂ ಮರಿ ಮೀನು ಬಿಟ್ಟುಹೋದ ಗುರುತು ಆ ಪ್ಲಾಸ್ಟಿಕ್ಕಿಗೆ ಅಂಟಿಕೊಂಡೇ ಇತ್ತು. ಆ ಮೆಷಿನ್ನಿಗೆ ಅಷ್ಟು ಸಾಕು.

ಅಲ್ಲಿ ಗಾಡಿಗೆ ಒರಗಿ ನಿಂತು ನಾನು ಏನು ಯೋಚನೆ ಮಾಡಿದೆ ಅಂತ ಮುಚ್ಚಿಡಲ್ಲ. ಹೊರಟುಹೋಗೋಣ ಅನ್ನಿಸಿತು. ಯಾರಿಗೆ ಗೊತ್ತು? ಈಗಷ್ಟೇ ಓದಿದವರಿಗೆ ಪಾಠ ಹೇಳಿ ಬಂದಿದ್ದೀನಿ. ಈಗ ಹೋಗಿ ತಪ್ಪು ನಂದೇ ಅಂದರೆ, ನೋಡಿದಿರಾ, ನಾವು ಹೇಳಲಿಲ್ಲವಾ ಅನ್ನಲ್ಲವಾ? ಓದದವನ ತಲೆ ಇಷ್ಟೇ ಅನ್ನಲ್ಲವಾ? ಇಪ್ಪತ್ತೆರಡು ವರ್ಷದ ಹೆಸರು.

ಆದರೆ ನಾನು ಹೋಗಿಬಿಟ್ಟರೆ ಐದು ಬಾಟ್ಲಿ ಕಸದ ಬುಟ್ಟಿಗೆ. ಗುರುವಾರ ಆ ಊರವರು ಬರಿಗೈಯಲ್ಲಿ ನಿಲ್ತಾರೆ. ಅದಕ್ಕೆ ಕಾರಣ ಗಿರಿಜಕ್ಕನ ಕೈ ಅಂತ ಕಾಗದದಲ್ಲಿ ಉಳಿಯುತ್ತೆ. ನಮ್ಮಮ್ಮ ಹೇಳಿಕೊಟ್ಟಿದ್ದು ಪಾತ್ರೆ ವಿಷಯ ಒಂದೇ ಅಲ್ಲವಲ್ಲ.

ಮೆಟ್ಟಿಲು ಹತ್ತಿದೆ. ಎಲ್ಲಾ ಹೇಳಿದೆ. ಬ್ಯಾಟರಿ, ಅಂಟುಪಟ್ಟಿ, ಕ್ಯಾನು, ಸೀನ, ಏನೂ ಬಿಡಲಿಲ್ಲ. ಸುಹಾಸ್ ತಲೆ ಮೇಲೆ ಕೈ ಇಟ್ಟುಕೊಂಡು ಕೂತರು.

"ಸ್ಯಾಂಪಲ್ ಬಾಟ್ಲಿ ಬಿಚ್ಚಬಾರದು ಅಂತ ಗೊತ್ತಾಗಲ್ವೇನ್ರೀ ನಿಮಗೆ?"

ತಪ್ಪು ಒಪ್ಪಿಕೊಳ್ಳೋಕೆ ಬಂದವನು ನಾನು. ಆದರೆ ಈ ಪ್ರಶ್ನೆ ಮಾತ್ರ ತಡೆಯಲಾಗಲಿಲ್ಲ.

"ಗೊತ್ತಾಗಲ್ಲ ಸಾರ್. ಯಾಕೆ ಗೊತ್ತಾಗುತ್ತೆ? ನೀವು ಹೇಳಿದ್ದೀರಾ? ನಮ್ಮ ಚಾಕಿ ಮನೆಗೆ ನೀವು ಬಂದರೆ ಬಾಗಿಲಲ್ಲೇ ನಿಲ್ಲಿಸ್ತೀನಿ. ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಿ, ಕೈ ತೊಳೆದು, ಬೇರೆ ಚಪ್ಪಲಿ ಹಾಕಿಕೊಂಡು ಬನ್ನಿ ಅಂತೀನಿ. ಯಾಕೆ ಅಂತಾನೂ ಹೇಳ್ತೀನಿ. ಕಣ್ಣಿಗೆ ಕಾಣದ್ದು ಒಂದು ಚೂರು ಒಳಗೆ ಬಂದರೆ ಇಡೀ ಮನೆ ಹುಳ ಹೋಗುತ್ತೆ ಅಂತ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನ ಅರೆದು, ಮೈಕ್ರೋಸ್ಕೋಪಿನಲ್ಲಿ ನೋಡಿ, ತಾಯಿಯಿಂದ ಮರಿಗೆ ಹೋಗೋ ಗಂಟು ರೋಗ ಇಲ್ಲ ಅಂದ ಮೇಲೇ ಆ ಮೊಟ್ಟೆ ಮುಟ್ಟೋ ಕಸುಬು ನಮ್ಮದು. ಇದು ಚಾಕಿ ಮನೆ ಥರ ಕಣಪ್ಪಾ, ಆ ಬಾಟ್ಲಿ ಕಾವಲಿಗೆ ಇಟ್ಟಿರೋದು, ಮುಟ್ಟಬೇಡ. ಇಷ್ಟು ಹೇಳಿದ್ದರೆ, ಗಾಡಿ ಘಟ್ಟದಲ್ಲೇ ನಿಲ್ಲಲಿ, ಪೆಟ್ಟಿಗೆ ತಲೆ ಮೇಲೆ ಹೊತ್ತು ತಂದುಕೊಡ್ತಿದ್ದೆ."

ಮೇಡಂ ನಿಧಾನಕ್ಕೆ ಅಂದರು, "ಹೇಳಬೇಕಿತ್ತು. ನಮ್ಮ ತಪ್ಪು." ಅವರು ದೊಡ್ಡವರು ಅಂತ ಆಗ ಒಪ್ಪಿಕೊಂಡೆ.

ಆಮೇಲೆ ಅವರೇ ಮತ್ತೆ ಕಂಪ್ಯೂಟರ್ ನೋಡಿದರು. ಐದು ಸಮುದ್ರದ ಬಾಟ್ಲಿಯಲ್ಲಿ ಒಂದರಲ್ಲೂ ಕಾಟ್ಲಾ ಇಲ್ಲ. ಲ್ಯಾಬಿನ ಒಳಗೆ ಬೇರೆಯಾಗಿ ಇಟ್ಟಿದ್ದ ಶುದ್ಧ ನೀರೂ ಚೊಕ್ಕ. ಕೊಳೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು, ಅದು ಆರನೆಯದರಲ್ಲೇ ನಿಂತಿದೆ ಅಂತಾನೂ ಗೊತ್ತಾಯಿತು. "ನಡೆದದ್ದನ್ನ ನಡೆದ ಹಾಗೆ ಬರೆದು ವರದಿಗೆ ಲಗತ್ತಿಸೋಣ. ಆ ಕಡೆಯವರು ಆಕ್ಷೇಪಣೆ ಎತ್ತಬಹುದು. ಎತ್ತಲಿ. ಎಸೆಯೋದು ಬೇಡ" ಅಂದರು.

ಐದು ಬಾಟ್ಲಿಯ ಪಟ್ಟಿ ಓದಿ ಹೇಳಿದರು. ಕಾಣೆ ಇದೆ. ಬಂಗುಡೆ ಇದೆ. ತೊರಕೆಯೂ ಇದೆ. ಗಿರಿಜಕ್ಕ ದೋಣಿಯಲ್ಲಿ ಹೇಳಿದ ಹೆಸರುಗಳೇ. ಮರಿ ಎಷ್ಟು, ಬೆಳೆದದ್ದು ಎಷ್ಟು ಅಂತ ನೀರು ಹೇಳಲ್ಲವಂತೆ. (ಅದು ಹೇಳೋಕೆ ಬರೋದು ಯಾರಿಗೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.)

"ನಿಮ್ಮ ಕೈಯಲ್ಲಿ ಒಂದು ಹೇಳಿಕೆ ಬೇಕು" ಅಂದರು ಸುಹಾಸ್. ಆಮೇಲೆ ಮೆಲ್ಲಗೆ ಕೇಳಿದರು. "ನಿಮಗೆ ಬರೆಯೋಕೆ ಬರುತ್ತಾ? ಇಲ್ಲಾಂದ್ರೆ ನಾನೇ ಬರೀತೀನಿ, ನೀವು ಹೆಬ್ಬೆಟ್ಟು ಒತ್ತಿ."

ಹನ್ನೊಂದು ವರ್ಷದಿಂದ ವಾರಾ ವಾರಾ ಈ ಜಾಗ ತುಂಬಿಸ್ತಿರೋನಿಗೆ ಈ ಪ್ರಶ್ನೆ. ಪೆನ್ನು ಇಸಕೊಂಡೆ. ಎರಡು ಪುಟ ಬರೆದೆ, ಒಂದು ಹೊಡೆದುಹಾಕಿದ ಪದ ಇಲ್ಲದೆ. ಕೊನೆಯ ಸಾಲಿನಲ್ಲಿ, ದೋಣಿ ನಡೆಸಿದ ಗಿರಿಜಮ್ಮನವರದು ಇದರಲ್ಲಿ ಎಳ್ಳಷ್ಟೂ ತಪ್ಪಿಲ್ಲ ಅಂತ ಬರೆದು ಅಡಿಗೆರೆ ಎಳೆದೆ. ಸುಹಾಸ್ ಓದಿ, "ಚೆನ್ನಾಗಿ ಬರೀತೀರ" ಅಂದರು.

ಹೋಗಲಿ, ಕಲಿತರಾ? ಮುಂದಿನ ಟ್ರಿಪ್ಪಿಗೆ ಪೆಟ್ಟಿಗೆ ತರೋಕೆ ಹೋದೆ. ಪೆಟ್ಟಿಗೆಗೆ ಹಿತ್ತಾಳೆ ಬೀಗ ಬಿದ್ದಿದೆ. ಮೇಲೆ ಇಂಗ್ಲಿಷಿನಲ್ಲಿ ಒಂದು ಚೀಟಿ. ನಾಲ್ಕು ಮಾತು ಕನ್ನಡದಲ್ಲಿ ಹೇಳೋದಕ್ಕಿಂತ ಬೀಗ ತರೋದು ಸುಲಭ ಅನ್ನಿಸಿರಬೇಕು. ಕೊಟ್ಟ ಕೆಲಸದವರು ಈ ಸಲವೂ ಹೇಳಿದ್ದು ಅದೇ. "ಅಣ್ಣ, ಹುಷಾರಾಗಿ ತಗೊಂಡ್ಹೋಗಿ."

ಅಷ್ಟರಲ್ಲಿ ವಿಚಾರಣೆ ಮುಗಿದಿತ್ತು. ವರದಿಯನ್ನು ತಗೊಂಡರಂತೆ, ನನ್ನ ಎರಡು ಪುಟವೂ ಅದರ ಜೊತೆಗಿದೆಯಂತೆ. ತೀರ್ಪು ಇನ್ನೂ ಆಗಿಲ್ಲ. ಅಳಿವೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ಗಿರಿಜಕ್ಕನ ಹತ್ತಿರ ಹೋದೆ. ಆಕೆ ಬಲೆ ಬಿಡಿಸುತ್ತಾ ಕೂತಿದ್ದಳು.

"ಅಕ್ಕಾ, ನಿನ್ನದೇನೂ ತಪ್ಪಿಲ್ಲ ಅಂತ ಬರೆದುಕೊಟ್ಟಿದ್ದೀನಿ" ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಆಕೆ ತಲೆ ಎತ್ತಿದಳು. "ನಂದು ತಪ್ಪು ಅಂತ ಯಾರು ಹೇಳಿದ್ದು?"

ತನ್ನ ಮೇಲೆ ಅಪವಾದ ಬಂದಿತ್ತು ಅಂತಾನೂ ಆಕೆಗೆ ಗೊತ್ತಿರಲಿಲ್ಲ. ಹೊರಿಸುವಾಗಲೂ ಕೇಳಲಿಲ್ಲ, ಇಳಿಸುವಾಗಲೂ ಹೇಳಲಿಲ್ಲ. ನಾನೇ ಎಲ್ಲಾ ಹೇಳಿದೆ. ಬ್ಯಾಟರಿ ವಿಷಯಕ್ಕೆ ಬಂದಾಗ ಆಕೆಗೆ ನಗು ತಡೆಯಲಿಲ್ಲ.

"ಅಂತೂ ನಿಮ್ಮ ಕಾಟ್ಲಾ ಸಮುದ್ರ ನೋಡಿ ಬಂತು ಅಂತಾಯ್ತು."

"ವಿಚಾರಣೆಯಲ್ಲಿ ಏನಾಯ್ತು ಅಕ್ಕಾ? ನೀನು ಮಾತಾಡಿದೆಯಾ?"

"ಎದ್ದು ನಿಂತೆ. ಮರಿ ಎಲ್ಲೆಲ್ಲಿ ಉಂಟು, ಎಷ್ಟು ಉಂಟು, ಹೇಳುವ ಅಂತ. ನಿಮ್ಮ ನೀರಿನ ವರದಿ ಬಂದಾಯ್ತಲ್ಲ, ಕೂತ್ಕೊಳ್ಳಮ್ಮ ಅಂದ್ರು ವಿಚಾರಣೆಯ ಸಾಹೇಬ್ರು." ಬಲೆಯ ಒಂದು ಗಂಟು ಹಲ್ಲಿನಲ್ಲಿ ಕಚ್ಚಿ ಬಿಡಿಸಿದಳು. "ಕೂತೆ."

ಬಾಟ್ಲಿಯೊಳಗಿನ ನೀರನ್ನು ಇಷ್ಟು ಮರ್ಯಾದೆಯಿಂದ ಮಾತಾಡಿಸುವವರು, ಆ ನೀರಿನ ಮೇಲೆ ಹುಟ್ಟು ಹಾಕುವವಳನ್ನು ನಿಂತು ಮಾತಾಡಲು ಬಿಡೋದು ಯಾವಾಗ?